ಆರಬಾರದ ಕೆಂಡ

ಬಾಣಂತಿ ಕೋಣೆಯ ಕಿಟಕಿಯನ್ನು ಪರಸವ್ವ ತಾನೇ ಮುಚ್ಚಿದ್ದಳು. ಮುಚ್ಚಿದ ಮೇಲೂ ಸಂದಿಯಲ್ಲಿ ಗಾಳಿ ಸುಳಿದಂತೆ ಅನ್ನಿಸಿ, ಹಳೆಯ ಸೀರೆಯ ತುಂಡೊಂದನ್ನು ಸುರುಳಿ ಸುತ್ತಿ ತುರುಕಿದ್ದಳು. ಹೊರಸಿನ ಕೆಳಗೆ ಶೇಗಡಿ ಇಟ್ಟು, ಕೆಂಡದ ಮೇಲೆ ತೆಳ್ಳಗೆ ಬೂದಿ ಎಳೆದು, ಓಮಕಾಳು, ಬಳ್ಳೊಳ್ಳಿ ಸಿಪ್ಪೆ, ಒಂದು ಚಿಟಿಕೆ ಲೋಬಾನ ಉದುರಿಸಿದ್ದಳು. ಮಗಳು ಸೋನಾಬಾಯಿಯದು ಎರಡನೆಯ ಹೆರಿಗೆ. ಕಷ್ಟವಾದೀತೆಂದು ಡಾಕ್ಟರರು ಹೇಳಿದ್ದರಿಂದ ಅವಳನ್ನು ತವರಿಗೆ ಕರೆದೊಯ್ಯುವ ಬದಲು ಪರಸವ್ವನೇ ಬಬಲೇಶ್ವರದಿಂದ ವಿಜಾಪುರಕ್ಕೆ ಬಂದು ಬಾಣಂತನಕ್ಕೆ ನಿಂತಿದ್ದಳು. ಎಪ್ಪತ್ನಾಲ್ಕನೆಯ ಇಸವಿಯ ಮಾಗಿ. ಬಾವಿಯ ನೀರು ಕೂಡ ಕೈ ಕೊರೆಯುತ್ತಿತ್ತು.

ಅಂಗಳದ ಬಿಸಿಲಲ್ಲಿ ಕುಳಿತು ಅವಳು ಕೂಸಿಗೆ ಎಣ್ಣೆ ತಿಕ್ಕುತ್ತಿದ್ದಾಗ ಅಳಿಯ ಹಣಮಂತರಾಯ ಕಾಲೇಜಿನಿಂದ ಬಂದ. ಅವನು ಅಲ್ಲಿ ರಸಾಯನಶಾಸ್ತ್ರ ಕಲಿಸುವ ಮಾಸ್ತರ. ಚಪ್ಪಲಿ ಬಿಟ್ಟು ಒಳಗೆ ಹೋದವನು ಹೆಂಡತಿಯ ಹೆಸರು ಹಿಡಿದು ಕರೆದ. ಮತ್ತೊಮ್ಮೆ ಕರೆದ. ಆಮೇಲೆ ಕಿಟಕಿ ದಡಾರನೆ ತೆರೆದ ಸಪ್ಪಳ ಕೇಳಿತು. ಬರಿಗೈಯಲ್ಲೇ ಶೇಗಡಿಯನ್ನು ಎಳೆದು ತಂದು ಅಂಗಳಕ್ಕೆ ಒಗೆದ. ಕೆಂಡಗಳು ಚೆಲ್ಲಾಪಿಲ್ಲಿಯಾದವು. ಸೋನಾಬಾಯಿಯನ್ನು ಹೆಗಲಿಗೆ ಆನಿಸಿಕೊಂಡು ಹೊರಗೆ ತಂದು ಕೂಡಿಸಿದಾಗ ಅವಳ ತಲೆ ನಿಲ್ಲುತ್ತಿರಲಿಲ್ಲ. ವಾಂತಿ ಮಾಡಿಕೊಂಡಳು. ಬಹಳ ಹೊತ್ತಿನ ಮೇಲೆ ಕಣ್ಣು ತೆರೆದು, "ತಲಿ ಸೀಳಾಕತ್ತೈತಿ" ಅಂದಳು.

ಸಂಜೆಗೆ ಅವಳು ಸುಧಾರಿಸಿಕೊಂಡು ಗಂಜಿ ಕುಡಿದಳು. ಅಲ್ಲಿಯವರೆಗೆ ಹಣಮಂತರಾಯ ಅತ್ತೆಯೊಂದಿಗೆ ಮಾತಾಡಲಿಲ್ಲ.

"ಅತ್ತಿ, ಕೆಂಡ ಇಟ್ಟೀರಿ, ಇರಲಿ. ಕಿಡಿಕಿ ಯಾಕ ಮುಚ್ಚಿದ್ರಿ?"

"ಬಾಣಂತಿಗೆ ಗಾಳಿ ಬಡೀಬಾರದ್ರಿ. ನಮ್ಮವ್ವನೂ ಹಿಂಗ ಮಾಡ್ತಿದ್ಳು."

"ನಿಮ್ಮವ್ವಂದು ಮಣ್ಣಿನ ಮನಿ. ಮ್ಯಾಲೆ ಬೆಳಕಿಂಡಿ ಇತ್ತು. ಇದು ಸಿಮೆಂಟಿನ ಕೋಣಿ. ಗಾಳಿ ಸಾಲದಿದ್ರ ಕೆಂಡ ಒಂದು ನಮೂನಿ ವಿಷದ ಗಾಳಿ ಬಿಡ್ತದರಿ. ಅದಕ್ಕ ಬಣ್ಣಿಲ್ಲ, ವಾಸನಿಲ್ಲ. ರಕ್ತದಾಗ ನಮ್ಮ ಉಸಿರು ಕೂಡೂ ಜಾಗಾಕ್ಕ ಹೋಗಿ ಅದು ಕೂತಬಿಡ್ತದ. ಮನಷ್ಯಾಗ ಸಾಯಾಕತ್ತೇನಿ ಅನ್ನೂದೂ ತಿಳಿಯಂಗಿಲ್ಲ. ನಿದ್ದಿ ಬಂದಂಗ ಆಗ್ತದ. ಸತ್ತ ಮ್ಯಾಲೂ ಮಾರಿ ಕೆಂಪಗ, ಮಲಕ್ಕೊಂಡಂಗ ಇರ್ತದ."

ಪರಸವ್ವನ ಕೈಯಲ್ಲಿದ್ದ ಎಣ್ಣೆಯ ಬಟ್ಟಲು ಓರೆಯಾಗಿ ಎಣ್ಣೆ ಸೆರಗಿಗೆ ಇಳಿಯಿತು. ಅವಳಿಗೆ ಗೊತ್ತಾಗಲಿಲ್ಲ. ಮಾರಿ ಕೆಂಪಗ, ಮಲಕ್ಕೊಂಡಂಗ. ಇಪ್ಪತ್ತು ವರ್ಷಕ್ಕೂ ಹಿಂದೆ ಅಂಥ ಮೂರು ಮುಖಗಳನ್ನು ಅವಳು ಸಾಲಾಗಿ ನೋಡಿದ್ದಳು.

ಬಬಲೇಶ್ವರಕ್ಕೂ ಟಿಕೋಟಾಕ್ಕೂ ನಡುವಿನ ಬಯಲಿನಲ್ಲಿ ಪೀರಗುಡ್ಡ ಒಂದೇ ಎತ್ತರದ ಜಾಗ. ನೆತ್ತಿಯ ಮೇಲೆ ಪೀರರ ಗೋರಿ. ಅದರ ಮಗ್ಗುಲಿಗೆ ಹರಕೆಯವರು ತಂಗಲೆಂದು ಯಾರೋ ಪುಣ್ಯಾತ್ಮರು ಕಟ್ಟಿಸಿದ ಕಲ್ಲಿನ ಕೋಣೆ. ಬಗ್ಗಿ ಒಳಹೋಗುವ ಬಾಗಿಲು, ಮೊಳದಗಲದ ಒಂದು ಕಿಂಡಿ. ಸುತ್ತಲಿನ ಹಳ್ಳಿಗಳ ಎಲ್ಲ ಜಾತಿಯವರೂ ಅಲ್ಲಿಗೆ ನಡೆದುಕೊಳ್ಳುತ್ತಿದ್ದರು. ಪೀರರ ಹೆಸರಿನಲ್ಲಿ ಸಕ್ಕರೆ ಓದಿಸಿ ತಿನ್ನುತ್ತಿದ್ದರು. ದೊಡ್ಡ ಸಂಕಟ ಬಂದರೆ ಲೋಬಾನದ ಹರಕೆ ಹೊರುತ್ತಿದ್ದರು. ಸಂಜೆ ಹೊತ್ತಿಸಿದ ಕೆಂಡ ಬೆಳಗಿನ ನಮಾಜಿನವರೆಗೆ ಆರಬಾರದು; ಹರಕೆಯವರ ಕಡೆಯವರು ಎಚ್ಚರಿದ್ದು ಅದಕ್ಕೆ ಲೋಬಾನ ಹಾಕುತ್ತಿರಬೇಕು. ಗೋರಿಯ ಮುಂದೆ, ಬಯಲಲ್ಲಿ ನಡೆಯುವ ಹರಕೆ ಅದು.

ಆ ವರ್ಷ ಐದು ವಯಸ್ಸಿನ ಸೋನಾಬಾಯಿಗೆ ಬಂದ ಜ್ವರ ಬಿಡಲೇ ಇಲ್ಲ. ಕೈಕಾಲು ಕಡ್ಡಿಯಾಗಿದ್ದವು. ಪರಸವ್ವ ಲೋಬಾನದ ಹರಕೆ ಹೊತ್ತಳು. ಮಗುವನ್ನು ಬಿಟ್ಟು ಹೋಗಲಾರದೆ ತಮ್ಮ ಧೂಳಪ್ಪನನ್ನೂ ಹಿರಿಯ ಮಗ ಭಾಗಪ್ಪನನ್ನೂ ಕಳಿಸಿದಳು. ಜೊತೆಗೆ ಗಾಡಿ ಹೊಡೆಯಲು ಜೈನಾಪುರದ ಒಬ್ಬ ನೆಂಟ ಹೋದ. ಭಾಗಪ್ಪನಿಗೆ ಆಗ ಮೀಸೆ ಚಿಗುರುವ ವಯಸ್ಸು. ಗಾಡಿ ಹೊರಡುವಾಗ ಅವಳು ಬಾಗಿಲ ಹೊರಗೆ ಬಂದು ತಮ್ಮನಿಗೆ ಹೇಳಿದ್ದಳು: "ಧೂಳಪ್ಪ, ಏನ ಆದ್ರೂ ಕೆಂಡ ಆರಬಾರದು ನೋಡಪಾ. ಗಾಳಿ ಮಳಿ ಬಂತಂದ್ರ ಒಳಗ ಇಟಗೊಂಡು ಬಾಗಲಾ ಕಿಂಡಿ ಎಲ್ಲಾ ಮುಚ್ಚಿಬಿಡ್ರಿ. ಮ್ಯಾಲೆ ಬೂದಿ ಎಳೀರಿ, ತಡೀತೈತಿ."

ಅಂದು ರಾತ್ರಿ ಮಳೆಯೊಂದಿಗೆ ಆಣೆಕಲ್ಲು ಬಿದ್ದವು. ಬೆಳಗ್ಗೆ ಗುಡ್ಡಕ್ಕೆ ಹೋದವರು ಒಳಗಿನ ಅಗಳಿ ಮುರಿದು ಬಾಗಿಲು ತೆರೆದರೆ ಮೂವರೂ ಕಂಬಳಿ ಹೊದ್ದು ಮಲಗಿದ್ದರು. ಮೈಮೇಲೆ ಒಂದು ತರಚು ಗಾಯವಿಲ್ಲ. ಹಾವು ಕಚ್ಚಿದ ಗುರುತಿಲ್ಲ. ಗಾಡಿಯಲ್ಲಿ ಮನೆಗೆ ತಂದು ಮಲಗಿಸಿದಾಗ ಭಾಗಪ್ಪನ ಕೆನ್ನೆ ಆಟ ಮುಗಿಸಿ ಓಡಿಬಂದವನ ಕೆನ್ನೆಯಂತೆ ಕೆಂಪಗಿತ್ತು. ಪರಸವ್ವ ಅದನ್ನು ತಟ್ಟಿ, "ಏಳಪಾ, ಬಿಸಲೇರೇತಿ" ಅಂದಿದ್ದಳು. ಅದೇ ಹೊತ್ತಿಗೆ ಒಳಗೆ ಸೋನಾಬಾಯಿ ಬೆವರಿ, ಜ್ವರ ಇಳಿದು, ನೀರು ಕೇಳಿದಳು.

ಪೊಲೀಸ್ ಫೌಜದಾರರು ಬಂದು ಕೇಳಿದರು, ಗುಡ್ಡಕ್ಕೆ ಯಾಕೆ ಹೋಗಿದ್ದರು ಎಂದು. ಪರಸವ್ವನ ಬಾಯಿಗೆ ಹರಕೆಯ ಮಾತು ಬಂದು ನಿಂತಿತು. ಹೆಣ್ಣುಮಗುವಿನ ಜೀವಕ್ಕಾಗಿ ಹೋದವರು ಅಂದರೆ ನಾಳೆ ಊರಿನವರು ಆ ಮಗುವಿಗೆ ಏನನ್ನುತ್ತಾರೆಂಬುದು ಅವಳಿಗೆ ಗೊತ್ತಿತ್ತು. ಮೂರು ಮಂದಿಯನ್ನು ತಿಂದು ಉಳಿದವಳು. ಅಂಥವಳನ್ನು ಯಾರು ಮದುವೆಯಾಗುತ್ತಾರೆ? "ನಮ್ಮ ಮನಿಯವರ ಕೆಮ್ಮಿಗೆ ಸಕ್ಕರಿ ಓದಿಸಾಕ ಹೋಗಿದ್ರು" ಅಂದಳು. ಅಲ್ಲಿ ಏನು ತಿಂದರು? ಗೋರಿಯ ಸೇವೆ ನೋಡಿಕೊಳ್ಳುವ ಮುಜಾವರ ಗೈಬುಸಾಬ ಬಂದವರಿಗೆಲ್ಲ ರೊಟ್ಟಿ ಬೆಲ್ಲ ಕಲಸಿದ ಮಲೀದ ಕೊಡುವುದು ವಾಡಿಕೆ. "ಗೈಬಣ್ಣನ ಮಲೀದ ತಿಂದಿರಬೇಕ್ರಿ." ಬೇರೆ ಏನೂ ಇಲ್ಲವೆ? "ಬ್ಯಾರೆ ಏನೂ ಇಲ್ರಿ."

ಅವಳು ಯಾರ ಮೇಲೂ ಬೆರಳು ಮಾಡಿರಲಿಲ್ಲ. ಆದರೆ ಬೆರಳು ತಾನಾಗಿ ಹೋಗಿ ನಿಂತಿತು. ಗೈಬುಸಾಬನನ್ನು ಚಾವಡಿಯಲ್ಲಿ ಕೂಡಿಸಿದರು, ವಿಜಾಪುರಕ್ಕೆ ಒಯ್ದರು, ಏನೂ ಸಿಗದೆ ಬಿಟ್ಟರು. ಪೀರರ ಸಿಟ್ಟು ಅಂದವರು ಕೆಲವರು. ವಿಷ ಅಂದವರು ಹಲವರು. ಅವನ ಕೈಯ ಸಕ್ಕರೆಯನ್ನು ಯಾರೂ ಬಾಯಿಗಿಡಲಿಲ್ಲ. ಅವನು ಗುಡ್ಡ ಬಿಟ್ಟು ಟಿಕೋಟಾಕ್ಕೆ ಹೋಗಿ ಪಾತ್ರೆಗಳಿಗೆ ಕಲಾಯಿ ಹಾಕುವ ಕಸುಬು ಹಿಡಿದನೆಂದು ಕೇಳಿದ್ದಳು. ದಾರಿಯಲ್ಲಿ ಎದುರಾದರೆ ಪರಸವ್ವ ಸೆರಗು ಮುಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಅವನು ಅವಳನ್ನು ತಂಗಿ ಅನ್ನುತ್ತಿದ್ದವನು.

ಹಣಮಂತರಾಯ ಬುದ್ಧಿವಂತ. ಎರಡು ದಿನ ಏನೋ ಯೋಚಿಸುತ್ತ ತಿರುಗಾಡಿ, ಮೂರನೆಯ ದಿನ ಊಟಕ್ಕೆ ಕುಳಿತಾಗ ಕೇಳಿದ. "ಅತ್ತಿ, ಆ ಪೀರಗುಡ್ಡದ ಮೂವರು ತೀರಿಕೊಂಡಾಗ ಒಳಗ ಬೆಂಕಿ ಇತ್ತೇನ್ರಿ?"

"ಲೋಬಾನದ ಕೆಂಡ ಇತ್ತಂತ್ರಿ," ಅಂದಳು ಪರಸವ್ವ. ಇತ್ತಂತೆ ಅಂದದ್ದು ಅವಳಿಗೇ ಕೇಳಿಸಿತು.

"ಬಾಗಲಾ?"

"ಹಾಕಿತ್ತು."

"ಮಾರಿ?"

ಅವಳು ರೊಟ್ಟಿಯ ಬುಟ್ಟಿಯನ್ನು ಅವನ ಕಡೆ ಸರಿಸಿದಳು. ಅವನು ರೊಟ್ಟಿ ಮುರಿಯುವುದನ್ನು ಬಿಟ್ಟು ಅವಳನ್ನೇ ನೋಡಿದ. ಆಮೇಲೆ ಮೆಲ್ಲಗೆ, "ಪರೀಕ್ಷಾ ಮಾಡಿ ನೋಡೂಣ. ಆ ಮುದುಕ ಗೈಬುಸಾಬನ ಹೆಸರರೆ ಹಗುರಾದೀತು" ಅಂದ.

ರವಿವಾರ ಮಗ್ಗುಲ ಮನೆಯ ದಾವಲಬಿಗೆ ಬಾಣಂತಿಯನ್ನು ಒಪ್ಪಿಸಿ ಇಬ್ಬರೂ ಹೊರಟರು. ನೀವೇಕೆ, ಗುಡ್ಡ ಹತ್ತಲು ಆಗುವುದಿಲ್ಲ ಎಂದು ಹಣಮಂತರಾಯ ಹೇಳಿ ನೋಡಿದ. ಪರಸವ್ವ ಕೇಳಲಿಲ್ಲ. ಅವನ ಕೈಯಲ್ಲಿ ಕಾಲೇಜಿನಿಂದ ತಂದ ತಂತಿಯ ಪಂಜರ. ಅದರಲ್ಲಿ ಬಿಳಿ ಇಲಿಗಳು. ಬಸ್ಸಿನಲ್ಲಿ ಒಬ್ಬ ಮುದುಕ, "ಮಾಸ್ತರ್ರ, ನಮ್ಮ ಊರಾಗ ಇಲಿ ಕಡಿಮಿ ಬಿದ್ದಾವಂತ ತಂದೀರೇನು?" ಎಂದು ಕೇಳಿ ಎಲ್ಲರನ್ನೂ ನಗಿಸಿದ. ಪರಸವ್ವ ಕಿಟಕಿಯ ಹೊರಗೆ ನೋಡುತ್ತಿದ್ದಳು. ಕರಿಯ ಹೊಲದಲ್ಲಿ ಬಿಳಿಜೋಳ ಎದೆಯೆತ್ತರ ನಿಂತಿತ್ತು.

ಗುಡ್ಡದ ಮೇಲೆ ಕೋಣೆ ಹಾಗೆಯೇ ಇತ್ತು. ಯಾರೋ ಕುರುಬರು ಬಾಗಿಲಿಗೆ ಹೊಸ ಹಲಗೆ ಬಡಿದಿದ್ದರು. ಪರಸವ್ವ ಗೋರಿಗೆ ಕೈಮುಗಿದು ಹೊಸ್ತಿಲ ಹೊರಗೇ ಕುಳಿತಳು. ಒಳಗೆ ಹಣಮಂತರಾಯ ಇದ್ದಿಲು ಹೊತ್ತಿಸಲು ಒದ್ದಾಡುತ್ತಿದ್ದ. ಕಡ್ಡಿ ಗೀರಿದ, ಊದಿದ, ಕೆಮ್ಮಿದ. ಪುಸ್ತಕ ಓದಿದವನು, ಒಲೆಯ ಮುಂದೆ ಕುಳಿತವನಲ್ಲ.

"ಅತ್ಲಾಗ ಸರೀರಿ," ಅಂದು ಅವಳು ಎದ್ದು ಒಳಗೆ ಹೋದಳು.

ಇದ್ದಿಲನ್ನು ಗೋಪುರದಂತೆ ಒಟ್ಟಿ, ನಡುವೆ ಒಣ ಬೆರಣಿಯ ಚೂರು ಇಟ್ಟು ಹೊತ್ತಿಸಿ, ಕೆಂಪಾದ ಮೇಲೆ ಬೂದಿ ಎಳೆದಳು. ಕೈ ತನ್ನಷ್ಟಕ್ಕೆ ನಡೆಯಿತು. ಲೋಬಾನ ಹಾಕಿದಳು. ಕಿಂಡಿಗೆ ತಾನೇ ಗೋಣಿತಟ್ಟು ತುರುಕಿದಳು. ಹಣಮಂತರಾಯ ಕೈಕಟ್ಟಿ ನಿಂತು ನೋಡಿದ.

"ಹೌದ್ರಿ ಅತ್ತಿ. ಹಿಂಗ ಮಾಡಿರಬೇಕು ಅವರು. ಬೂದಿ ಎಳದ್ರ ಕೆಂಡ ಆರಂಗಿಲ್ಲ, ಆದ್ರ ಆ ವಿಷ ಹೆಚ್ಚ ಬಿಡ್ತದ. ಮ್ಯಾಲೆ ಲೋಬಾನದ ವಾಸನಿ. ಹೊಗಿ ಆಗೇತಿ ಅಂತ ಎದ್ದು ಬಾಗಲಾ ತಗೀಬೇಕು ಅನ್ನೂದೂ ಹೊಳಿಯಂಗಿಲ್ಲ."

ಪಂಜರ ಒಳಗಿಟ್ಟು ಬಾಗಿಲು ಹಾಕಿದರು. ಬಯಲಿನ ಗಾಳಿಗೆ ಕುಳಿತು ಕಟ್ಟಿಕೊಂಡು ಬಂದ ರೊಟ್ಟಿ ಬಿಚ್ಚಿದರು. ಪರಸವ್ವನಿಗೆ ಇಳಿಯಲಿಲ್ಲ. ಅವಳ ಮನಸ್ಸು ದೇವರೊಂದಿಗೆ ಜಗಳಕ್ಕೆ ನಿಂತಿತ್ತು. ಮರುಗಳಿಗೆಗೆ ಜಗಳವಾಡಲು ತನಗೆ ಮುಖವಿಲ್ಲ ಅನ್ನಿಸುತ್ತಿತ್ತು. ಆ ಇಲಿಗಳು ಬದುಕಿರಲಿ ಎಂದು ಬೇಡಿಕೊಂಡಳು. ಬದುಕಿದ್ದರೆ ಎಲ್ಲ ಮೊದಲಿನಂತೆ ಉಳಿಯುತ್ತದೆ. ಪೀರರ ಸಿಟ್ಟು, ಯಾರದೋ ವಿಷ, ಏನೋ ಒಂದು. ಹಾಗೆ ಬೇಡಿಕೊಂಡದ್ದು ಗೈಬುಸಾಬನ ವಿರುದ್ಧವೇ ಬೇಡಿಕೊಂಡಂತೆ ಆಯಿತೆಂದು ಹೊಳೆದಾಗ ಕೈಯ ತುತ್ತನ್ನು ಕಾಗೆಗೆ ಎಸೆದಳು.

ಹೊತ್ತು ಇಳಿದ ಮೇಲೆ ಹಣಮಂತರಾಯ ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಲು ಹೋಗಿ, ಅದರಿಂದ ಉಪಯೋಗವಿಲ್ಲವೆಂದು ತಾನೇ ನಕ್ಕು, ಉಸಿರು ಬಿಗಿಹಿಡಿದು ಒಳಗೆ ನುಗ್ಗಿ ಪಂಜರ ತಂದ. ಇಲಿಗಳು ಒಂದಕ್ಕೊಂದು ಒರಗಿ ಮಲಗಿದ್ದವು. ಅವನು ಒಂದನ್ನು ಅಂಗೈಯಲ್ಲಿ ಹೊರಳಿಸಿದ. ಅದರ ಅಂಗಾಲು, ಮೂಗಿನ ತುದಿ, ಕಿವಿಯ ಅಂಚು ದಾಸವಾಳದ ಮೊಗ್ಗಿನಂತೆ ಕೆಂಪಾಗಿದ್ದವು.

"ಮುಗೀತು ನೋಡ್ರಿ. ಪೀರರೂ ಅಲ್ಲ, ಮಲೀದಾನೂ ಅಲ್ಲ," ಅಂದ. ಅವನ ದನಿಯಲ್ಲಿ ಗೆದ್ದ ಸಂತೋಷವಿತ್ತು. ಅತ್ತೆಯ ಮುಖ ನೋಡಿ ಅದನ್ನು ತಗ್ಗಿಸಿದ. "ಪಾಪ, ಧೂಳಪ್ಪ ಮಾವಗ ಗೊತ್ತಾಗಲಿಲ್ಲ. ಕೆಂಡ ಒಳಗ ಒಯ್ದು ಕಿಂಡಿ ಮುಚ್ಚಿಬಿಟ್ಟ. ಅವಂದೂ ಏನ ತಪ್ಪು ಬಿಡ್ರಿ, ಕಲತಾವಲ್ಲ."

ಧೂಳಪ್ಪನಿಗೆ ತಿಳಿವಳಿಕೆ ಇರಲಿಲ್ಲ ಎಂದು ಇನ್ನು ಮುಂದೆ ಊರು ಹೇಳುತ್ತದೆ. ಅಕ್ಕನ ಮಾತನ್ನು ಅಕ್ಷರ ತಪ್ಪದೆ ನಡೆಸಿದವನು ಅವನು. ಪರಸವ್ವ ಬಾಯಿ ತೆರೆದಳು. ಸೋನಾಬಾಯಿಯ ಮುಖ ಎದುರಿಗೆ ಬಂತು. ಮುಚ್ಚಿದಳು.

ಮರುವಾರ ಟಿಕೋಟಾಕ್ಕೆ ಹೋದರು. ಬಸ್ ನಿಲ್ಲುವಲ್ಲಿಂದ ಸಂತೆಯ ಬಯಲು ದಾಟಿದರೆ ಬೇವಿನ ಮರದ ಕೆಳಗೆ ಗೈಬುಸಾಬ ಕಲಾಯಿ ಹಾಕುತ್ತ ಕುಳಿತಿದ್ದ. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ನೆಲದ ಕುಳಿಯಲ್ಲಿ ಕೆಂಡ. ಒಂದು ಕೈಯಲ್ಲಿ ತಿದಿ ಒತ್ತುತ್ತ, ಇನ್ನೊಂದು ಕೈಯಲ್ಲಿ ಕಾದ ತಪೇಲಿಗೆ ನವಸಾಗರ ಉದುರಿಸಿ, ತವರವನ್ನು ಅರಿವೆಯಿಂದ ಬೆಳ್ಳಿಯಂತೆ ಹೊಳೆಯುವ ಹಾಗೆ ಒರೆಸುತ್ತಿದ್ದ. ಸುತ್ತ ನಾಲ್ಕಾರು ಹೆಂಗಸರು ಪಾತ್ರೆ ಹಿಡಿದು ಕಾಯುತ್ತಿದ್ದರು. ಪರಸವ್ವನನ್ನು ಕಂಡು ತಿದಿಯ ಕೈ ನಿಂತಿತು.

"ಪರಸವ್ವ," ಅಂದ. ತಂಗಿ ಅನ್ನಲಿಲ್ಲ.

ಹಣಮಂತರಾಯ ಅಲ್ಲಿಯೇ ಕುಕ್ಕರಗಾಲಿನಲ್ಲಿ ಕುಳಿತು ಎಲ್ಲವನ್ನೂ ಬಿಡಿಸಿ ಹೇಳಿದ. ಹೆಂಗಸರಿಗೂ ಕೇಳಲೆಂದೇ ದನಿ ಎತ್ತಿ ಹೇಳಿದ. ಅದು ಅವನ ಒಳ್ಳೆಯತನ. ಗೈಬುಸಾಬ ಕೆಂಡವನ್ನೇ ನೋಡುತ್ತ ಕೇಳಿದ. ಇಲಿಗಳ ಮಾತಿಗೆ ಬಂದಾಗ ಅವನ ಗಡ್ಡ ಸ್ವಲ್ಪ ಅಲುಗಿತು.

"ಅಂದ್ರ ಫೌಜದಾರರಿಗೆ ಸಿಗದ ಖೂನಿಗಾರನ್ನ ಇಲಿ ಹಿಡದು ಕೊಟ್ಟಾವು ಅನ್ರಿ." ಹೆಂಗಸರು ನಕ್ಕರು. ಅವನು ನಗಲಿಲ್ಲ. "ಮಾಸ್ತರ್ರ, ಇನ್ನೊಮ್ಮೆ ಹೇಳ್ರಿ. ತಿಂದದ್ದರಿಂದ ಅಲ್ಲ?"

"ಅಲ್ಲರಿ."

"ಪಾತೇಲಿಯಿಂದ ಅಲ್ಲ?"

"ಯಾವ ಪಾತೇಲಿ?"

ಗೈಬುಸಾಬ ಕೈಯ ಅರಿವೆಯನ್ನು ಮಡಚಿ ಮಂಡಿಯ ಮೇಲಿಟ್ಟ. "ನನ್ನ ತಾಮ್ರದ ಪಾತೇಲಿ. ಅದರ ಕಲಾಯಿ ಹೋಗಿತ್ತು. ಹಾಕಸಬೇಕು ಹಾಕಸಬೇಕು ಅಂತ ಬಿಟ್ಟಿದ್ದೆ. ಅದರಾಗಿನ ಕಿಲುಬು ಮಲೀದಾಕ್ಕ ಇಳದು ಮೂರು ಜೀವ ಹೋದ್ವು ಅಂತ ತಿಳಕೊಂಡಿದ್ದೆ. ಖೂನಿ ಮಾಡಿಲ್ಲ ಅಂತ ಫೌಜದಾರರ ಮುಂದ ಹೇಳಿದೆ. ಅಲ್ಲಾನ ಮುಂದ ಹೇಳಾಕ ಆಗಿಲ್ಲ." ಸುತ್ತಲಿನ ಪಾತ್ರೆಗಳನ್ನು ತೋರಿಸಿದ. "ಯಾಕ ಈ ಕೆಲಸ ಹಿಡದೆ ಅಂತೀರಿ? ಅಂದಿನಿಂದ ಈ ಕೈಲೆ ಯಾರಿಗೂ ಒಂದು ಬೆಲ್ಲದ ಚೂರೂ ಕೊಟ್ಟಿಲ್ಲ. ಮಮ್ಮಕ್ಕಳು ಕೇಳಿದ್ರೂ ಅವರವ್ವನ ಕಡೆ ಕಳಸ್ತೇನಿ."

ಹಣಮಂತರಾಯ ತಾನು ಬಬಲೇಶ್ವರದ ಹಿರಿಯರ ಮುಂದೆಯೂ ಇದನ್ನು ಹೇಳುತ್ತೇನೆ ಅಂದು, ಚಹಾ ಹೇಳಿ ಬರುತ್ತೇನೆಂದು ಎದ್ದು ಹೋದ. ಹೆಂಗಸರು ಪಾತ್ರೆಗಳನ್ನು ಅಲ್ಲೇ ಬಿಟ್ಟು, ಈ ಸುದ್ದಿಯನ್ನು ಮನೆಗೆ ಮುಟ್ಟಿಸುವ ಅವಸರದಲ್ಲಿ ಚದುರಿದರು.

ಇಬ್ಬರೇ ಉಳಿದರು.

"ಗೈಬಣ್ಣ, ಧೂಳಪ್ಪ ಏನೂ..." ಎಂದು ಅವಳು ಮೊದಲು ಮಾಡಿದಳು.

"ಗೊತ್ತೈತಿ," ಅಂದ ಅವನು. ಸಿಟ್ಟಿನಿಂದಲ್ಲ. "ಆಣೆಕಲ್ಲು ಬೀಳಾಕ ಹತ್ತಿದಾಗ ನಾ ಅವಗ ಹೇಳಿದೆ, ಧೂಳಪ್ಪ, ಆರಿದ್ರ ಆರಲೇಳು, ಪೀರರು ನೋಡಾಕತ್ತಾರ, ತಿಳಕೋತಾರ ಅಂತ. ಅವ ಕೇಳಲಿಲ್ಲ. ಇಲ್ಲೋ ಮಾರಾಯಾ, ಅಕ್ಕ ಬಾಗಲದಾಗ ನಿಂತು ಹೇಳ್ಯಾಳ, ಸೋನಿ ಜೀವದ ಮಾತು, ಕೆಂಡ ಆರಬಾರದು ಅಂದ. ಕಿಂಡಿಗೆ ಏನರೆ ಕೊಡು ಅಂದ. ತಟ್ಟು ನಾನ ಕೊಟ್ಟೆ. ಕೊಟ್ಟು ಮನಿಗೆ ಇಳದು ಹೋದೆ."

ಪರಸವ್ವ ಅವನ ಮುಂದೆ ಕುಳಿತಳು. ಹೇಳಬೇಕೆಂದು ದಾರಿಯುದ್ದಕ್ಕೂ ಕೂಡಿಸಿಕೊಂಡು ಬಂದಿದ್ದ ಮಾತು ಅವನ ಬಾಯಿಂದಲೇ ಬಂದುಬಿಟ್ಟಿತ್ತು. "ಹಂಗಾದ್ರ ಹರಕಿ ಸೋನಿದು ಅಂತ ನಿನಗ ಗೊತ್ತಿತ್ತು. ಫೌಜದಾರರ ಮುಂದ ಯಾಕ ಹೇಳಲಿಲ್ಲ?"

"ನೀ ಯಾಕ ಹೇಳಲಿಲ್ಲೋ ಅದಕ್ಕ." ಅವನು ತಿದಿಯನ್ನು ಒಮ್ಮೆ ಒತ್ತಿದ, ಕೆಂಡ ಕೆಂಪಗಾಗಿ ಮತ್ತೆ ಬೂದಿಯಾಯಿತು. "ನನಗೂ ಹೆಣ್ಣುಮಕ್ಕಳದಾವು. ಆದ್ರ ಒಂದು ಮಾತು ಅಂತೇನಿ, ಸಿಟ್ಟಾಗಬ್ಯಾಡ. ನೀ ಸೆರಗ ಎಳಕೊಂಡು ಹೋಗ್ತಿದ್ದೆಲ್ಲ, ಅದು ಚಾವಡಿಗಿಂತ ಹೆಚ್ಚ ಬಡೀತಿತ್ತು."

ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಳು. ಅಳು ಬರಲಿಲ್ಲ. ಬಂದಿದ್ದರೆ ಹಗುರಾಗುತ್ತಿತ್ತು.

"ಅಳಿಯಗ ಹೇಳಿಬಿಡ್ತೇನಿ ಅಣ್ಣ. ಧೂಳಪ್ಪನ ಮ್ಯಾಲೆ ಹಾಕಾಕ ಆಗೂದಿಲ್ಲ."

"ಹೇಳು. ಅವ ರಾತ್ರಿ ಹೆಂಡತಿಗೆ ಹೇಳತಾನ. ಹಸಿ ಬಾಣಂತಿ. ನನ್ನ ಸಲುವಾಗಿ ಅಣ್ಣ ಹೋದ, ಸೋದರಮಾವ ಹೋದ ಅಂತ ಆಕಿ ಜೀವಮಾನ ಹೊರಬೇಕು. ಹೊರಸ್ತೀಯೇನು?" ಅವನು ತಿದಿಯನ್ನು ಬದಿಗೆ ಸರಿಸಿದ. "ಧೂಳಪ್ಪ ಆ ಕೂಸಿನ್ನ ಹೆಗಲ ಮ್ಯಾಲೆ ಹೊತ್ತು ಊರೆಲ್ಲಾ ತಿರುಗಿದಾವ. ಇದೊಂದು ಹೊರಾಕ ಒಲ್ಲೆ ಅಂತಾನೇನು? ಉಳದದ್ದು ನೀ ಅಷ್ಟು, ನಾ ಇಷ್ಟು ಹೊರೂಣ."

ಅವನು ಎದ್ದು ಬೇವಿನ ಹಿಂದಿದ್ದ ತನ್ನ ಮನೆಯೊಳಗೆ ಹೋದ. ಬರುವಾಗ ಅಂಗೈಯಲ್ಲಿ ಒಂದು ಹಿಡಿ ಸಕ್ಕರೆ. ಪಡುವಣಕ್ಕೆ ಮುಖಮಾಡಿ ನಿಂತು ತುಟಿ ಅಲುಗಿಸಿ ಓದಿದ. ನಡುವೆ ಮರೆತು ಮತ್ತೆ ಮೊದಲಿನಿಂದ ಓದಿದ. ಊದಿ ಕೈ ಚಾಚಿದ. ಪಾತ್ರೆಗೆಂದು ಮರಳಿ ಬಂದ ಇಬ್ಬರು ಹೆಂಗಸರು ದೂರದಲ್ಲಿ ನಿಂತು ನೋಡುತ್ತಿದ್ದರು.

ಪರಸವ್ವ ಸೆರಗು ಹಿಂದಕ್ಕೆ ಸರಿಸಿ, ಎರಡೂ ಕೈ ಒಡ್ಡಿ ಈಸಿಕೊಂಡು, ಅವರಿಗೆ ಕಾಣುವಂತೆ ಬಾಯಿಗೆ ಹಾಕಿಕೊಂಡಳು.

"ತಂಗಿ, ನೀರು ಕುಡಿ," ಅಂದ ಗೈಬುಸಾಬ.

ವಿಜಾಪುರದ ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಸೋನಾಬಾಯಿ ಕೂಸಿಗೆ ಹಾಲು ಕುಡಿಸುತ್ತ ಮಲಗಿದ್ದಳು. ಹಣಮಂತರಾಯ ನಡೆದದ್ದನ್ನೆಲ್ಲ ಅವಳಿಗೆ ಹುರುಪಿನಿಂದ ಹೇಳಿದ. ಅವನು ಕೈಕಾಲು ತೊಳೆಯಲು ಹೋದ ಮೇಲೆ ಅವಳು ತಾಯಿಯ ಕಡೆ ಹೊರಳಿದಳು.

"ಪಾಪ ಬೇ ಮಾವ. ಅಪ್ಪನ ಕೆಮ್ಮಿಗೆ ಅಂತ ಹೋಗಿ ಹಿಂಗಾತು. ಅಪ್ಪನೂ ಮುಂದ ಉಳೀಲಿಲ್ಲ. ಯಾರಿಗೂ ಉಪಯೋಗ ಆಗಲಿಲ್ಲ ನೋಡು ಆ ಹರಕಿ."

"ಹೌದವ್ವ," ಅಂದಳು ಪರಸವ್ವ. "ಯಾರಿಗೂ ಆಗಲಿಲ್ಲ."

ಅಂದ ಮೇಲೆ ನಾಲಿಗೆಯ ಮೇಲೆ ಇನ್ನೂ ಉಳಿದಿದ್ದ ಸಕ್ಕರೆಯ ಸವಿ ಅವಳಿಗೆ ತಿಳಿಯಿತು. ಪೀರರ ಹೆಸರಿನ ಸಕ್ಕರೆ ತಿಂದ ಬಾಯಿ. ಮನಸ್ಸಿನಲ್ಲೇ ತಮ್ಮನ ಹೆಸರು ಹಿಡಿದು ತಪ್ಪಾಯಿತೆಂದಳು. ಮಗನ ಹೆಸರು ಹಿಡಿಯಲು ಧೈರ್ಯ ಬರಲಿಲ್ಲ.

"ಕಿಡಿಕಿ ಮುಚ್ಚಬೇ. ಥಂಡಿ ಹೊಡಿಯಾಕತ್ತೈತಿ."

"ಇರಲಿ ಯವ್ವಾ. ತೆರದಿರಲಿ."

ತಾನು ಹೊದ್ದಿದ್ದ ಕೌದಿಯನ್ನು ತೆಗೆದು ಮಗಳ ಮೇಲೂ ಮೊಮ್ಮಗಳ ಮೇಲೂ ಹೊದಿಸಿದಳು. ಆಮೇಲೆ ಗಾಳಿ ಅವರಿಗೆ ತಾಗದಂತೆ, ಕಿಟಕಿಗೆ ಬೆನ್ನು ಕೊಟ್ಟು ಕುಳಿತಳು.